ಸುಟ್ಟ ಕಂಬಳಿ ವಾಸನಿ

ಬೆಟಗೇರಿಯ ಉಡಚವ್ವನ ಮೋಟಾರು ಓಡಿಸುತ್ತಿದ್ದ ಅಕ್ಬರಸಾಬನಿಗೆ ಊರಲ್ಲಿ ಹೆಸರು ತಂದುಕೊಟ್ಟದ್ದು ಅವನ ಕೈಯಲ್ಲ, ಮೂಗು. ಮೋಟಾರಿನಲ್ಲಿ ಏನು ಕಾದಿದೆ, ಏನು ಸುಡುತ್ತಿದೆ ಎಂಬುದನ್ನು ಬಾನೆಟ್ ಎತ್ತದೆಯೇ ಹೇಳುತ್ತಿದ್ದ. ಹೇಳಿದ ಮೇಲೆ ಸುಮ್ಮನಿರುವ ಗಿರಾಕಿಯೂ ಅಲ್ಲ. ಚಹಾದ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತು ಪಾಠ ಶುರು ಮಾಡುತ್ತಿದ್ದ.

"ಭಜಿ ಕರದಂಗ ವಾಸನಿ ಬಂತು ಅಂದ್ರ ಆಯಿಲ್ ಸೋರಿ ಕಾದ ಕೊಳವಿ ಮ್ಯಾಲೆ ಬೀಳಾಕತ್ತೈತಿ ಅಂತ ತಿಳೀರಿ. ಹಳೀ ಕಾಗದ ಸುಟ್ಟಂಗ ಬಂದ್ರ ಕ್ಲಚ್ಚು. ರಬ್ಬರ್ ಸುಟ್ಟಂಗ ಬಂದ್ರ ಬೆಲ್ಟು, ಇಲ್ಲಾ ವಾಯರು. ಕಂಬಳಿ ಸುಟ್ಟಂಗ ಬಂದ್ರ ಬ್ರೇಕು. ಮೂಗ ಒಂದ ನೆಟ್ಟಗಿದ್ರ ಸಾಕು, ಬಾಕಿ ಎಲ್ಲಾ ಹಮಾಲರ ಕೆಲಸ."

ಒಮ್ಮೆ ಗದಗ ಸ್ಟೇಶನ್ನಿನ ಮುಂದೆ ನಿಂತಿದ್ದ ಯಾರದೋ ಬಸ್ಸಿನ ಪಕ್ಕ ಹಾದು ಹೋಗುವಾಗ ಗಕ್ಕನೆ ನಿಂತು, ಮೂಗರಳಿಸಿ, ಒಳಗಿದ್ದವರನ್ನೆಲ್ಲ ಬೈದು ಕೆಳಗಿಳಿಸಿದ್ದ. ಸೀಟು ಎತ್ತಿ ನೋಡಿದರೆ ವಾಯರು ಹೊಗೆಯಾಡುತ್ತಿತ್ತು. ಅಂದಿನಿಂದ ಅವನ ಮೂಗಿಗೆ ಅವನ ಮೀಸೆಗಿಂತ ಹೆಚ್ಚು ಮರ್ಯಾದೆ.

ಆ ಮೂಗು ೧೯೫೬ರ ಅಕ್ಟೋಬರ್ ಮೊದಲಲ್ಲಿ ಕೈಕೊಟ್ಟಿತು. ನೆಗಡಿ ಬಂತು, ನೆಗಡಿ ಹೋಯಿತು. ವಾಸನೆ ಮಾತ್ರ ತಿರುಗಿ ಬರಲಿಲ್ಲ. ಮೊದಲು ಗೊತ್ತಾದದ್ದು ಅವನ ಹೆಂಡತಿ ಖಾತುನಬಿಗೆ. ಹಂಚಿನ ಮೇಲೆ ಕರ್ರಗಾದ ರೊಟ್ಟಿಯನ್ನು ಅವಳು ದನಕ್ಕೆಂದು ಬದಿಗಿಟ್ಟರೆ, ಇವನು ಅದನ್ನೇ ಎತ್ತಿಕೊಂಡು ತಿಂದು "ಇವತ್ತ ರೊಟ್ಟಿ ಭಾರೀ ಆಗೇತಿ" ಅಂದ.

"ನಿಮ್ಮ ಮೂಗು ಸತ್ತೈತಿ," ಎಂದಳು ಖಾತುನಬಿ. "ಉಡಚವ್ವಾರಿಗೆ ಹೇಳಿಬಿಡ್ರಿ."

"ಹುಚ್ಚೇನ ನಿನಗ? ಮೂಗು ಹೋತು ಅಂದ್ರ ನನಗೂ ಟಾಂಗಾ ಹೊಡ್ಯಾಂವಗೂ ಏನ ಫರಕ ಉಳೀತು?"

"ಫರಕ ಐತಿ. ಟಾಂಗಾದ ಕುದುರಿಗೆ ಮೂಗೈತಿ."

ಅಕ್ಬರಸಾಬ ಹೇಳಲಿಲ್ಲ. ಹೇಳಲು ಅವನಿಗೆ ಹೆದರಿಕೆ. ಉಡಚವ್ವ ಅಂಥ ಹೆಂಗಸು. ಗಂಡ ತೀರಿಕೊಂಡ ಮೇಲೆ ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯನ್ನು ತಾನೇ ನಡೆಸುತ್ತಿದ್ದಳು. ಮೈದುನರೆಲ್ಲ ಕೂಡಿ "ಹೆಣ್ಮಗಳಿಗೆ ಮೋಟಾರ ಯಾಕ? ಮಾರಿಬಿಡ್ರಿ" ಎಂದಾಗ, "ಸತ್ತಾಂವ ನಿಮ್ಮ ಅಣ್ಣ. ಮೋಟಾರ ಇನ್ನೂ ಜೀವಂತ ಐತಿ" ಎಂದು ಬಾಗಿಲು ಹಾಕಿಕೊಂಡಿದ್ದಳು. ಆ ಮೋಟಾರೆಂದರೆ ಅವಳಿಗೆ ಜೀವ. ಯಾರಿಗಾದರೂ ಎರವಲು ಕೊಡಬೇಕಾಗಿ ಬಂದರೆ ತಾನೂ ಹಿಂದಿನ ಸೀಟಿನಲ್ಲಿ ಹತ್ತಿ ಕೂರುತ್ತಿದ್ದಳು. ಹೀಗಾಗಿ ಆಕೆಯ ಹತ್ತಿರ ಎರವಲು ಕೇಳುವವರೇ ಕಡಿಮೆಯಾಗಿದ್ದರು.

ಆದರೂ ಕೇಳಿದವನೊಬ್ಬನಿದ್ದ: ಗದಗಿನ ಅರಿವೆ ವ್ಯಾಪಾರಿ ಗವಿಸಿದ್ದಪ್ಪ. ನವೆಂಬರ್ ಒಂದಕ್ಕೆ ಮುಂಬಯಿ ರಾಜ್ಯದ ಕನ್ನಡ ಜಿಲ್ಲೆಗಳೆಲ್ಲ ಮೈಸೂರಿನ ಜೊತೆ ಕೂಡುವುದು ಖಾತ್ರಿಯಾಗಿತ್ತು. ಕೂಡಿಸಬೇಕು ಎಂದು ವರ್ಷಗಟ್ಟಲೆ ಭಾಷಣ ಮಾಡಿದ್ದ ಗವಿಸಿದ್ದಪ್ಪ, ಈಗ ಕೂಡುತ್ತದೆ ಎಂದಾದ ಮೇಲೂ ಭಾಷಣ ನಿಲ್ಲಿಸಿರಲಿಲ್ಲ. ಮನುಷ್ಯ ಒಳ್ಳೆಯವನೇ. ಚಳವಳಿಯಲ್ಲಿ ಪೊಲೀಸರ ಲಾಠಿ ತಿಂದವನು. ಆದರೆ ಮಾತು ಶುರು ಮಾಡಿದರೆ, ಆ ಲಾಠಿ ಹೊಡೆದ ಪೊಲೀಸನ ಕಷ್ಟವೂ ಜನಕ್ಕೆ ಅರ್ಥವಾಗುತ್ತಿತ್ತು. ಮುಂಡರಗಿಯಲ್ಲಿ ಮುಂಜಾನೆ, ಶಿರಹಟ್ಟಿಯಲ್ಲಿ ಮಧ್ಯಾಹ್ನ, ಲಕ್ಷ್ಮೇಶ್ವರದಲ್ಲಿ ಸಂಜೆ, ಹೀಗೆ ಒಂದೇ ದಿನ ಮೂರು ಕಡೆ ಮಾತಾಡಲು ಒಪ್ಪಿಕೊಂಡು ಬಂದು, "ಅಕ್ಕಾರ, ನಿಮ್ಮ ಮೋಟಾರ ಸಿಕ್ಕರ ನಾಡಿನ ಸೇವಾ ಆಗತೈತಿ" ಎಂದ.

"ನಾಡಿನ ಸೇವಾಕ್ಕ ನಾನೂ ಬರ್ತೀನಿ," ಎಂದಳು ಉಡಚವ್ವ.

ಮುಂಡರಗಿಯಲ್ಲಿ ಸಭೆ ಚೆನ್ನಾಗಿಯೇ ಕೂಡಿತ್ತು. ಹಮ್ಮಿಗಿಯ ಕಡೆಯವರು ಎತ್ತಿನ ಗಾಡಿ ಕಟ್ಟಿಕೊಂಡು ಬಂದಿದ್ದರು. ಗವಿಸಿದ್ದಪ್ಪ ಮಾತಾಡಿದ, ಮಾತಾಡಿದ, ಇನ್ನೂ ಮಾತಾಡಿದ. ಬಿಸಿಲು ನೆತ್ತಿಗೆ ಬಂತು. ಎತ್ತುಗಳು ಮೆಲುಕು ಹಾಕುವುದನ್ನೂ ಮುಗಿಸಿದವು. ಅಧ್ಯಕ್ಷರಾಗಿದ್ದ ಹೇಮಪ್ಪನವರು ಕುರ್ಚಿಯಲ್ಲೇ ನಿದ್ದೆಹೋಗಿದ್ದವರು ತಟ್ಟನೆ ಎಚ್ಚರಾಗಿ, ಮುಗಿದಿದೆ ಎಂದುಕೊಂಡು ಚಪ್ಪಾಳೆ ತಟ್ಟಿ, ಎದ್ದು ನಿಂತು ವಂದನೆ ಹೇಳಿಬಿಟ್ಟರು. ಜನಕ್ಕೆ ಅಷ್ಟೇ ಸಾಕಾಗಿತ್ತು. ಗವಿಸಿದ್ದಪ್ಪ ಬಾಯಿ ತೆರೆದಿದ್ದಂತೆಯೇ ಅವನ ಕೊರಳಿಗೆ ಸೇವಂತಿಗೆ ಹಾರ ಬಿದ್ದು ಸಭೆ ಮುಗಿಯಿತು.

"ಇನ್ನೂ ಮುಖ್ಯ ಮಾತು ಹೇಳೂದ ಇತ್ತಲ್ರೀ," ಎಂದು ಗೊಣಗುತ್ತ ಅವನು ಮೋಟಾರು ಹತ್ತಿದ. ಹಿಂದೆ ಕೂತರೆ ಹಾರಗಳು ನಲುಗುತ್ತವೆ ಎಂದು ಹಾರಗಳನ್ನು ಉಡಚವ್ವನ ಪಕ್ಕಕ್ಕಿಟ್ಟು, ತಾನು ಮುಂದೆ ಅಕ್ಬರಸಾಬನ ಪಕ್ಕ ಕೂತ. "ಶಿರಹಟ್ಟಿಯವರು ಕಾಯಾಕತ್ತಾರ. ಜಲ್ದಿ ಹೊಡೀ ಅಕ್ಬರಸಾಬಾ!"

ಅಕ್ಬರಸಾಬ ಹೊಡೆದ. ಕಪ್ಪತಗುಡ್ಡದ ಮಗ್ಗುಲಿನ ಕಚ್ಚಾ ರಸ್ತೆ, ಏರು, ಇಳಿಜಾರು, ಮತ್ತೆ ಏರು. ಮೋಟಾರು ಕೆಂಪು ಧೂಳೆಬ್ಬಿಸುತ್ತ ಹಾರಿ ಬೀಳುತ್ತ ಓಡಿತು. ಗವಿಸಿದ್ದಪ್ಪ ಸುಮ್ಮನೆ ಕೂರಲಿಲ್ಲ. ಮುಂಡರಗಿಯಲ್ಲಿ ಉಳಿದುಹೋದ ಮುಖ್ಯ ಮಾತನ್ನು ಶಿರಹಟ್ಟಿಗೆ ತಯಾರು ಮಾಡತೊಡಗಿದ.

"ಕನ್ನಡ ತಾಯಿಯ ಮಕ್ಕಳೇ! ಬಿದ್ದ ಮನೆಯನ್ನು ಎತ್ತಿ! ಬಾಗಿದ ತಲೆಯನ್ನು ಎತ್ತಿ! ಎತ್ತಿ ನಿಲ್ಲಿಸಿ!"

ಒಂದೊಂದು 'ಎತ್ತಿ'ಗೂ ಅವನ ಕೈ ಕೈಗೆ ಸಿಕ್ಕದ್ದನ್ನು ಹಿಡಿದು ಮೇಲಕ್ಕೆ ಹೋಗುತ್ತಿತ್ತು. ಎಂಜಿನ್ನಿನ ಗದ್ದಲದ ಮೇಲೆ ಅವನ ಭಾಷಣ, ಅದರ ಮೇಲೆ ಬೇರೆ ಯಾವ ಸದ್ದೂ ಯಾರ ಕಿವಿಗೂ ಬೀಳುವಂತಿರಲಿಲ್ಲ.

ಗುಡ್ಡದ ಇಳಿಜಾರು ಮುಗಿಯುವ ಹೊತ್ತಿಗೆ ಉಡಚವ್ವ ಸೆರಗಿನಿಂದ ಮೂಗು ಮುಚ್ಚಿದಳು.

"ಅಕ್ಬರಾ, ಏನೋ ಸುಡಾಕತ್ತೈತಿ. ಏನದು?"

ಅಕ್ಬರಸಾಬ ಮೋಟಾರಿನ ವೇಗ ತಗ್ಗಿಸಿದ. ಅವನಿಗೆ ಏನೂ ಬರುತ್ತಿರಲಿಲ್ಲ, ಧೂಳಿನ ವಾಸನೆ ಕೂಡ. ಆದರೂ ತಲೆ ಹೊರಗೆ ಹಾಕಿ ಮೂಗರಳಿಸಿ ಗಂಭೀರವಾಗಿ ಎಳೆದುಕೊಂಡ. "ಹೊಲದಾಗ ಯಾರೋ ಕಸ ಸುಡಾಕತ್ತಾರ್ರಿ ಅವ್ವಾರ."

ಕಣ್ಣು ಹಾಯುವಷ್ಟು ದೂರವೂ ಹೊಲಗಳಲ್ಲಿ ನರಪಿಳ್ಳೆಯೂ ಇರಲಿಲ್ಲ. ಸ್ವಲ್ಪ ಮುಂದೆ ಹೋದ ಮೇಲೆ ವಾಸನೆ ಗವಿಸಿದ್ದಪ್ಪನಿಗೂ ತಾಗಿ ಭಾಷಣ ನಿಂತಿತು. ಅದು ನಿಂತದ್ದರಿಂದಲೇ ಸಂಗತಿ ದೊಡ್ಡದು ಎಂದು ಅಕ್ಬರಸಾಬನಿಗೆ ಅರ್ಥವಾಯಿತು. ಮೋಟಾರು ನಿಲ್ಲಿಸಿದ. ಯಾವಾಗಲೂ ಮಾಡುವಂತೆ, ಕೈಬ್ರೇಕಿನ ಸರಳನ್ನು ನೋಡದೆಯೇ ಮೇಲಕ್ಕೆಳೆದು ಇಳಿದ.

"ಗವಿಸಿದ್ದಪ್ಪನವರ, ನಿಮಗ ಎಂಥಾ ವಾಸನಿ ಬರತೈತ್ರಿ? ನನಗ ಗೊತ್ತಾಗೇತಿ, ಆದ್ರೂ ನಿಮ್ಮ ಬಾಯಿಂದ ಕೇಳೂಣು ಅಂತ."

ಗವಿಸಿದ್ದಪ್ಪ ಕಣ್ಣು ಮುಚ್ಚಿ ಎಳೆದುಕೊಂಡ. "ದಾಸ್ಯದ ಸಂಕೋಲೆಗಳು ಕರಗುವಾಗ ಬರುವಂಥ ವಾಸನೆ."

"ಸಂಕೋಲಿ ಎಲ್ಲಿ ಕರಗತಾವ್ರಿ ಮೋಟಾರದಾಗ? ಎಣ್ಣಿ ವಾಸನಿ ಅನ್ರಿ, ರಬ್ಬರ್ ಅನ್ರಿ."

"ಎಣ್ಣಿ ಇದ್ದೀತು."

ಎಣ್ಣೆ ಎಂದ ಮೇಲೆ ಅಕ್ಬರಸಾಬ ಬಾನೆಟ್ ಎತ್ತಿ, ಎಂಜಿನ್ನಿಗಂಟಿದ್ದ ಜಿಡ್ಡನ್ನೆಲ್ಲ ಅರಿವೆಯಿಂದ ಒರೆಸಿ, ಎರಡು ಬೋಲ್ಟು ಬಿಗಿ ಮಾಡಿ, ಕೈ ಸುಟ್ಟುಕೊಂಡು, "ಆತು, ಆಯಿಲ್ ಸೋರತಿತ್ತು" ಎಂದು ಘೋಷಿಸಿದ. ಕೈಬ್ರೇಕು ಇಳಿಸಿ ಹೊರಟರೆ ಮೋಟಾರು ಹಗುರಾಗಿ ಓಡಿತು. ವಾಸನೆಯೂ ಹೋಯಿತು. ಅಕ್ಬರಸಾಬನಿಗೇ ಆಶ್ಚರ್ಯ. ಮೂಗಿಲ್ಲದೆಯೂ ತಾನು ಉಸ್ತಾದನೇ ಎಂದುಕೊಂಡು ಮೀಸೆ ತಿರುವಿದ.

ಶಿರಹಟ್ಟಿ ಹತ್ತಿರ ಬರುವಾಗ ಮತ್ತೆ ಮುಖ್ಯ ಮಾತು ಶುರುವಾಗಿ, ಮತ್ತೆ 'ಎತ್ತಿ' ಬಂದು, ಮತ್ತೆ ವಾಸನೆ ಬಂತು. ಊರ ಮುಂದೆ ಮೋಟಾರು ನಿಂತಾಗ ಹಿಂದಿನ ಗಾಲಿಗಳ ಹತ್ತಿರ ತೆಳ್ಳಗೆ ಹೊಗೆ ಏಳುತ್ತಿತ್ತು. ಆದರೆ ಅದನ್ನು ನೋಡುವಷ್ಟು ಜಾಗ ಜನ ಬಿಡಬೇಕಲ್ಲ! ಮಂಟಪದಲ್ಲಿ ಕಾದು ಕಾದು ಬೇಸತ್ತಿದ್ದವರೆಲ್ಲ ಮೋಟಾರು ಸುಡುತ್ತಿದೆ ಎಂದು ಕೇಳಿದ್ದೇ ತಡ, ಓಡಿ ಬಂದು ಮುತ್ತಿಕೊಂಡರು. ಗವಿಸಿದ್ದಪ್ಪ ಮಂಟಪ ಹತ್ತಿ "ಕನ್ನಡ ತಾಯಿಯ ಮಕ್ಕಳೇ" ಎಂದಾಗ ಎದುರಿಗಿದ್ದ ಮಕ್ಕಳೆಂದರೆ ಜಮಖಾನೆ ಕಾಯುತ್ತಿದ್ದ ಮುದುಕ ಮತ್ತು ಅವನ ನಾಯಿ. ಉಳಿದವರೆಲ್ಲ ಮೋಟಾರಿನ ಸುತ್ತ.

ಒಬ್ಬ ಮುಂದಿನ ಗಾಲಿ ಮೂಸಿದ. ಇನ್ನೊಬ್ಬ ಸೀಟು ಮೂಸಿ, "ಇಲ್ಲಿ ಸುಟ್ಟ ವಾಸನಿಲ್ಲ, ಬ್ಯಾರೇನೋ ಐತಿ" ಎಂದ. ಸ್ವಾಗತ ಸಮಿತಿಯ ಮೂಕಪ್ಪ, ಹೆಸರಿಗೆ ಮೂಕಪ್ಪನಾದರೂ ಊರಿಗೆಲ್ಲ ಬುದ್ಧಿ ಹೇಳುವವನು, ಎಲ್ಲರನ್ನೂ ಸರಿಸಿ ಬಾನೆಟ್ಟಿನೊಳಗೆ ತಲೆ ತೂರಿಸಿದ.

"ಇಂಜಿನ್ ಒಳಗ ಇಲಿ ಸತ್ತೈತಿ," ಎಂಬ ಅವನ ದನಿ ಒಳಗಿಂದ ಬಂತು. ಮರುಗಳಿಗೆಯಲ್ಲಿ "ಅಯ್ಯಯ್ಯೋ" ಎಂದು ತಲೆ ಹೊರಗೆ ಬಂತು. ಮೀಸೆಯ ಒಂದು ತುದಿ ಕಾದ ಕೊಳವೆಗೆ ತಾಗಿ ಮುರುಟಿತ್ತು. ಈಗ ನಿಜಕ್ಕೂ ಎಲ್ಲರ ಮೂಗಿಗೂ ಸುಟ್ಟ ವಾಸನೆ ಬಂತು. ಬಂತು ಬಂತು ಎಂದು ಜನ ಖುಷಿಯಿಂದ ಕೂಗಿದರು. ಅಷ್ಟರಲ್ಲಿ ಗಾಲಿಗಳು ಆರಿ ಹೊಗೆ ನಿಂತಿತ್ತು.

ಉಡಚವ್ವ ಇದನ್ನೆಲ್ಲ ಹಿಂದಿನ ಸೀಟಿನಿಂದಲೇ ನೋಡುತ್ತಿದ್ದಳು. ಅವಳು ನೋಡುತ್ತಿದ್ದದ್ದು ಜನರನ್ನಲ್ಲ, ಅಕ್ಬರಸಾಬನನ್ನು. ಇಷ್ಟು ಜನ ಮೂಸುತ್ತಿರುವಾಗ, ಮೂಗಿನ ಬಾದಶಹ ಒಮ್ಮೆಯೂ ಬಗ್ಗಿ ಮೂಸಿರಲಿಲ್ಲ. ಎಲ್ಲರ ಬಾಯಿ ನೋಡುತ್ತ ನಿಂತಿದ್ದ. ಯಾರು ಏನು ಅಂದರೂ "ಹೌದ್ರಿ, ನನಗೂ ಹಂಗ ಅನಸ್ತು" ಎನ್ನುತ್ತಿದ್ದ, ಸತ್ತ ಇಲಿಗೂ.

ಲಕ್ಷ್ಮೇಶ್ವರದ ಹಾದಿ ಹಿಡಿದಾಗ ಹೊತ್ತು ಇಳಿಯುತ್ತಿತ್ತು. ಶಿರಹಟ್ಟಿಯಲ್ಲಿ ನಾಯಿಗೆ ಭಾಷಣ ಮಾಡಿದ ಅವಮಾನವನ್ನು ಲಕ್ಷ್ಮೇಶ್ವರದಲ್ಲಿ ತೀರಿಸಿಕೊಳ್ಳಬೇಕೆಂದು ಗವಿಸಿದ್ದಪ್ಪ ಹಟ ತೊಟ್ಟಿದ್ದ. ಈ ಸಲದ 'ಎತ್ತಿ'ಗಳಲ್ಲಿ ನೋವೂ ಇತ್ತು, ಸಿಟ್ಟೂ ಇತ್ತು. ಅಕ್ಬರಸಾಬ ಎಷ್ಟು ಒತ್ತಿದರೂ ಮೋಟಾರು ಕೆಸರಿಗೆ ಬಿದ್ದ ಎಮ್ಮೆಯಂತೆ ತೆವಳಿತು. ಅಡರಕಟ್ಟಿಯ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಗಪ್ಪನೆ ದಟ್ಟ ಹೊಗೆ ಒಳಗೆ ನುಗ್ಗಿತು.

"ನಿಲ್ಲಸೋ!" ಎಂದು ಉಡಚವ್ವ ಚೀರಿದಳು.

ಮೋಟಾರು ಬೇವಿನ ಮರದ ಕೆಳಗೆ ನಿಂತಿತು. ಗಾಬರಿಯಲ್ಲಿ ಅಕ್ಬರಸಾಬ ಏನನ್ನೂ ಮುಟ್ಟದೆ ಜಿಗಿದ. ಗವಿಸಿದ್ದಪ್ಪ ಪಕ್ಕದ ಹೊಲದ ಬಾವಿ ಕಂಡು, "ನೀರು! ನೀರು ಹಾಕ್ರಿ ಗಾಲಿಗೆ!" ಎಂದು ಓಡಿದ.

"ಹಾಕಬ್ಯಾಡ್ರಿ!" ಅಕ್ಬರಸಾಬ ಅವನ ಧೋತರ ಹಿಡಿದು ನಿಲ್ಲಿಸಿದ. "ಕಾದ ಹಂಚಿನ ಮ್ಯಾಲೆ ತಣ್ಣೀರ ಹಾಕಿದ್ರ ಏನಾಗತೈತಿ? ಸೀಳಿಬಿಡತೈತಿ. ಅದರಷ್ಟಕ್ಕ ಅದು ಆರಲಿ."

"ಅಕ್ಬರಾ, ಇಲ್ಲಿ ಬಾ," ಎಂದು ಉಡಚವ್ವ ಕರೆದಳು. ದನಿ ಮೆತ್ತಗಿತ್ತು. ಅದು ಮೆತ್ತಗಾದಾಗಲೇ ಹೆದರಬೇಕು ಎಂಬುದು ಫ್ಯಾಕ್ಟರಿಯವರಿಗೆಲ್ಲ ಗೊತ್ತು. "ಕಣ್ಣ ಮುಚ್ಚು."

"ಯಾಕ್ರಿ ಅವ್ವಾರ?"

"ಮುಚ್ಚಂದ್ರ ಮುಚ್ಚು."

ಮುಚ್ಚಿದ. ಉಡಚವ್ವ ಬುತ್ತಿಯ ಡಬ್ಬಿಯ ಮುಚ್ಚಳ ತೆಗೆದು ಅವನ ಮೂಗಿನ ಕೆಳಗೆ ಹಿಡಿದಳು. "ಇದೇನು ವಾಸನಿ?"

ಅಕ್ಬರಸಾಬ ಲೆಕ್ಕ ಹಾಕಿದ. ಹಿಂದಿನ ಸೀಟಿನಲ್ಲಿ ಇರುವುದೇನು? ಮುಂಡರಗಿಯ ಹಾರಗಳು. "ಆಹಾಹಾ! ಸೇವಂತಿಗಿ," ಎಂದ.

"ಬೆಳ್ಳುಳ್ಳಿ ಚಟ್ನಿ ಐತಲೇ."

ಅಕ್ಬರಸಾಬ ಕಣ್ಣು ತೆರೆಯಲೇ ಇಲ್ಲ. ತೆರೆದರೆ ಆಕೆಯ ಮುಖ ನೋಡಬೇಕಾಗುತ್ತದೆ. ಹಾಗೇ ನಿಂತು, "ನೆಗಡಿ ಬಂದು ಹೋದ ಮ್ಯಾಲೆ ಹಿಂಗಾಗೇತ್ರಿ," ಎಂದ. "ಏನೂ ಬರವಲ್ದು. ನೀವು ಹೋದ ವಾರ ಅತ್ತರ ಹಚಗೊಂಡು ಬಂದ್ರಿ ಅಂತ ಖಾತುನಬಿ ಹೇಳಿದ್ಲು. ನನಗ ಅದೂ ಗೊತ್ತಾಗಲಿಲ್ಲ. ಹೇಳಿದ್ರ ಕೆಲಸದಿಂದ ತಗೀತೀರಿ ಅಂತ..."

ಉಡಚವ್ವನಿಗೆ ಮೊದಲು ಸಿಟ್ಟು ಬಂತು, ಕೈ ಎತ್ತುವಷ್ಟು. ಎತ್ತಿದ ಕೈಯಲ್ಲಿ ಚಟ್ನಿಯ ಡಬ್ಬಿಯಿತ್ತು. ಅದನ್ನು ನೋಡಿ, 'ಸೇವಂತಿಗಿ' ನೆನಪಾಗಿ, ಅವಳಿಗೆ ನಗೆ ತಡೆಯಲಾಗಲಿಲ್ಲ. ಬೇವಿನ ಮರಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಗಂಡ ಸತ್ತ ಮೇಲೆ ಆಕೆ ಹೀಗೆ ನಕ್ಕದ್ದನ್ನು ಅಕ್ಬರಸಾಬ ಕೇಳಿರಲಿಲ್ಲ. ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

"ನಿನ್ನ ಮೂಗು ಹೋಗಿದ್ರ ಹೋಗ್ಲಿ, ನಂದಂತೂ ಐತೆಲ್ಲ," ಎಂದಳು ಸೆರಗಿನಿಂದ ಕಣ್ಣೊರೆಸಿಕೊಂಡು. "ನಾ ಮೂಸಿ ಹೇಳ್ತೀನಿ. ನೀ ಏನಂತ ಹೇಳು."

ಜಿನ್ನಿಂಗ್ ಫ್ಯಾಕ್ಟರಿಯ ಒಡತಿ ಉಡಚವ್ವ, ಅಡರಕಟ್ಟಿಯ ರಸ್ತೆಯಲ್ಲಿ ಇಳಕಲ್ ಸೀರೆಯ ಕಚ್ಚೆ ಬಿಗಿದು, ಮೊಣಕಾಲೂರಿ, ಮೋಟಾರು ಮೂಸತೊಡಗಿದಳು. ಹೊಲದಿಂದ ಮರಳುತ್ತಿದ್ದ ಇಬ್ಬರು ಹೆಂಗಸರು ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸಿ, ಕೂತು ನೋಡಿದರು.

"ಬಾನೆಟ್ಟಿನ ಹಂತ್ಯಾಕ ಏನ್ ಬರತೈತ್ರಿ?"

"ಬಿಸಿ ಕಬ್ಬಿಣ. ಸುಟ್ಟಿದ್ದು ಏನಿಲ್ಲ."

"ಭಜಿ ಎಣ್ಣಿ?"

"ಇಲ್ಲ."

"ಅಂದ್ರ ಆಯಿಲ್ ಅಲ್ಲ. ನಡುವ, ತಳದಾಗ? ಹಳೀ ಕಾಗದ ಸುಟ್ಟಂಗ?"

ಉಡಚವ್ವ ಹೆಚ್ಚುಕಡಿಮೆ ನೆಲಕ್ಕೆ ಮಲಗಿ ಮೂಸಿದಳು. "ಇಲ್ಲೋ."

"ಕ್ಲಚ್ಚೂ ಅಲ್ಲ. ಮುಂದಿನ ಗಾಲಿ?"

"ಧೂಳು. ಮತ್ತ ಸಗಣಿ."

"ಹಿಂದಿನ್ವು?"

ಹಿಂದಿನ ಗಾಲಿಯ ಹತ್ತಿರ ಹೋದವಳೇ ಕೆಮ್ಮಿದಳು. "ಅಬ್ಬಬ್ಬ! ಕಂಬಳಿ! ಕುರುಬರ ಕಂಬಳಿ ಒಲಿಯಾಗ ಬಿದ್ದಂಗ ಐತಿ. ಎರಡೂ ಗಾಲಿಗೆ."

ಅಕ್ಬರಸಾಬ ಒಂದೊಂದು ಗಾಲಿಯ ಹತ್ತಿರವೂ ಅಂಗೈ ಒಡ್ಡಿ ನೋಡಿದ. ಮುಂದಿನವು ಬೆಚ್ಚಗಿದ್ದವು, ಅಷ್ಟೇ. ಹಿಂದಿನದಕ್ಕೆ ಒಂದು ಹನಿ ನೀರು ಚಿಮುಕಿಸಿದರೆ ಚುಂಯ್ ಎಂದಿತು. ಅವನ ಮುಖಕ್ಕೆ ಈಗ ಕಳೆ ಬಂತು.

"ಬ್ರೇಕು. ಕಾಲಿನ ಬ್ರೇಕು ಆಗಿದ್ರ ನಾಕೂ ಗಾಲಿ ಕಾಯಬೇಕಿತ್ತು. ಹಿಂದಿನ್ವು ಎರಡ ಕಾದಾವು ಅಂದ್ರ..." ಅವನು ಓಡಿ ಹೋಗಿ ಒಳಗೆ ಬಗ್ಗಿ ನೋಡಿದ. ಮುಂದಿನ ಎರಡು ಸೀಟುಗಳ ನಡುವೆ, ಕಬ್ಬಿಣದ ಗುಂಡಿಯ ಕೈಬ್ರೇಕಿನ ಸರಳು ಅರ್ಧ ಎದ್ದು ನಿಂತಿತ್ತು. "ಕೈಬ್ರೇಕು! ಇದು ಬರೇ ಹಿಂದಿನ ಗಾಲಿ ಹಿಡೀತೈತಿ. ಬಿಗಿದ ಬ್ರೇಕಿನ ಮ್ಯಾಲೇ ಗುಡ್ಡ ಹತ್ತಿಸೇನಿ, ಯಾ ಅಲ್ಲಾ! ಆದ್ರ ಈಗ ನಾ ಇದನ್ನ ಎಳದಿಲ್ರಿ ಅವ್ವಾರ. ಗಾಬರಿಯೊಳಗ ಹಂಗ ಜಿಗದೇನಿ. ಮತ್ತ ಯಾರು ಎಳದ್ರು?"

ಇಬ್ಬರೂ ಗವಿಸಿದ್ದಪ್ಪನ ಕಡೆ ತಿರುಗಿದರು.

"ನಾ ಯಾಕ ಎಳೀಲಿ? ನನಗ ಮೋಟಾರದ್ದು ಏನ್ ತಿಳೀತೈತಿ?" ಗವಿಸಿದ್ದಪ್ಪನಿಗೆ ಅವಮಾನವಾಯಿತು. "ಲಾಠಿ ಏಟು ತಿಂದ ಮನಷ್ಯಾನ ಮ್ಯಾಲೆ ಅನುಮಾನ ಪಡತೀರೇನು?"

"ಛೇ, ಅನುಮಾನ ಎಲ್ಲಿ ಬಂತ್ರಿ?" ಎಂದಳು ಉಡಚವ್ವ. ಸರಳನ್ನು ಪೂರ್ತಿ ಕೆಳಗಿಳಿಸಲು ಅಕ್ಬರಸಾಬನಿಗೆ ಕಣ್ಣಲ್ಲೇ ಹೇಳಿದಳು. "ಗಾಲಿ ಆರೂ ತನಕ ಕುಂತು ಲಕ್ಷ್ಮೇಶ್ವರದ ಭಾಷಣ ಅಂದು ತೋರಸ್ರಿ. ಇಡೀ ದಿನ ನಿಮ್ಮ ಸಂಗತೀಲೆ ಅಡ್ಡಾಡೇನಿ, ಇನ್ನೂ ಪೂರಾ ಕೇಳಿಲ್ಲ."

ಭಾಷಣ ಅನ್ನಿರಿ ಎಂದು ಅವನನ್ನು ಯಾರೂ ಹೀಗೆ ಕೇಳಿರಲಿಲ್ಲ. ಗವಿಸಿದ್ದಪ್ಪ ಸೀಟಿಗೆ ಹೋಗಿ ಕೂತು ಗಂಟಲು ಸರಿ ಮಾಡಿಕೊಂಡ. "ಕನ್ನಡ ತಾಯಿಯ ಮಕ್ಕಳೇ! ಬಿದ್ದ ಮನೆಯನ್ನು ಎತ್ತಿ!"

ಕಟ್.

ಕೈಬ್ರೇಕು ಸದ್ದು ಮಾಡಿ ಮೇಲೆದ್ದಿತ್ತು. ಅವನ ಬಲಗೈ ಅದರ ಕಬ್ಬಿಣದ ಗುಂಡಿಯನ್ನು ಗಟ್ಟಿಯಾಗಿ ಹಿಡಿದಿತ್ತು. "ಬಾಗಿದ ತಲೆಯನ್ನು ಎತ್ತಿ!"

ಕಟ್.

"ಎತ್ತಿ ನಿಲ್ಲಿಸಿ..." ಎನ್ನುತ್ತ ಅವನು ತನ್ನ ಕೈಯನ್ನು ತಾನೇ ನೋಡಿದ. ದನಿ ಅಲ್ಲೇ ಇಳಿಯಿತು. ಹುಲ್ಲಿನ ಹೊರೆಯ ಹೆಂಗಸರಲ್ಲೊಬ್ಬಳು ಇನ್ನೊಬ್ಬಳಿಗೆ, "ಛಂದ ಮಾತಾಡತಾನ, ಆದ್ರ ಕೈ ಸುಮ್ನಿರೂದಿಲ್ಲ," ಎಂದಳು.

ಗವಿಸಿದ್ದಪ್ಪನ ಮುಖ ಕಂಡು ಉಡಚವ್ವ ಮತ್ತೆ ನಗಲಿಲ್ಲ. ಬುತ್ತಿ ಬಿಚ್ಚಿದಳು. ಗಾಲಿಗಳು ಆರುವ ತನಕ ಮೂವರೂ ಬೇವಿನ ಮರದ ಕೆಳಗೆ ರೊಟ್ಟಿ ತಿಂದರು. "ನಿಮ್ಮ ಭಾಷಣ ಏನು ಕೆಟ್ಟಿಲ್ರಿ," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಮನಿ ಎತ್ತಿ ನಿಲ್ಲಸ್ರಿ ಅಂತೀರಿ, ಖರೆ. ನಿಂತ ಮ್ಯಾಲೆ ಒಳಗ ಹೋಗಾಕ ಬಿಡ್ರಿ ಜನಾನ್ನ. ಹೊಸ್ತಿಲ ಮ್ಯಾಲೇ ನಿಂದ್ರಿಸಿ ಕೊರದ್ರ ಹೆಂಗ?"

ಗವಿಸಿದ್ದಪ್ಪ ಚಟ್ನಿ ಇನ್ನಷ್ಟು ಕೇಳಿ ಹಾಕಿಸಿಕೊಂಡ.

ಅಲ್ಲಿಂದ ಮುಂದಕ್ಕೆ ಗವಿಸಿದ್ದಪ್ಪ ಹಿಂದೆ, ಹಾರಗಳ ಮೇಲೆಯೇ ಕೂತ. ಉಡಚವ್ವ ಮುಂದೆ ಕೂತು ಮೂಗು ಹೊರಗಿಟ್ಟಿದ್ದಳು. ಸವೆದ ಬ್ರೇಕಿನ ಭರವಸೆಯಿಲ್ಲದೆ ಅಕ್ಬರಸಾಬ ಮೋಟಾರನ್ನು ನಡೆಸಿಕೊಂಡು ಹೋಗುವ ಹಾಗೆ ಓಡಿಸಿದ. ಎತ್ತಿನ ಗಾಡಿಯವನೊಬ್ಬ ಹಿಂದಿನಿಂದ ಬಂದು, ಮುಂದೆ ಹೋಗಿ, ತಿರುಗಿ ನೋಡಿ ನಕ್ಕ.

ಲಕ್ಷ್ಮೇಶ್ವರ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಆ ಊರಿನವರು ಮಿರಜಿನ ರಾಜರನ್ನು ನೋಡಿದ್ದರು, ಮುಂಬಯಿ ಸರ್ಕಾರವನ್ನು ನೋಡಿದ್ದರು, ಈಗ ಮೈಸೂರನ್ನು ನೋಡುವವರಿದ್ದರು. ಒಬ್ಬ ಭಾಷಣಕಾರ ತಡವಾಗಿ ಬಂದದ್ದಕ್ಕೆ ಅವರೇನೂ ತಲೆ ಕೆಡಿಸಿಕೊಂಡಿರಲಿಲ್ಲ. ಗವಿಸಿದ್ದಪ್ಪ ಹೊಗೆಯ ವಾಸನೆ ಸೂಸುವ ಅಂಗಿಯಲ್ಲೇ ಮಂಟಪ ಹತ್ತಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಕೈ ಕಟ್ಟಿದರೆ ಅವನಿಗೆ ಮಾತೇ ಸರಿಯಾಗಿ ಹೊರಡಲಿಲ್ಲ.

"ನಾವು ಒಂದಾಗಾಕತ್ತೀವಿ," ಎಂದ, ಪುಸ್ತಕದ ಭಾಷೆ ಮರೆತು. "ಭಾಳ ದಿನಾ ಆಗಿತ್ತು. ನನಗ ಸಂತೋಷ ಆಗೇತಿ. ನಿಮಗೂ ಆಗಿರಬೇಕು."

ಇನ್ನೂ ನಾಲ್ಕು ಮಾತು ಆಡಿ ಇಳಿದುಬಿಟ್ಟ. ಜನ ಒಂದು ಕ್ಷಣ ಕಾದರು. ನಿಜವಾಗಿಯೂ ಮುಗಿದಿದೆ ಎಂದು ಖಾತ್ರಿಯಾದ ಮೇಲೆ ತಟ್ಟಿದ ಚಪ್ಪಾಳೆ ಬಜಾರದ ಆ ತುದಿಯವರೆಗೂ ಕೇಳಿಸಿತು. ಒಬ್ಬ ಮುದುಕ ಬಂದು ಅವನ ಕೈ ಹಿಡಿದು, ಕಣ್ಣು ಒರೆಸಿಕೊಂಡ. ಗವಿಸಿದ್ದಪ್ಪನಿಗೆ ಸಂತೋಷವಾಯಿತೋ ಬೇಸರವಾಯಿತೋ ತಿಳಿಯದು. ಊಟದ ಹೊತ್ತಿನಲ್ಲಿ ಮಾತ್ರ ಉಡಚವ್ವನ ಹತ್ತಿರ, "ಇನ್ನೂ ಮುಖ್ಯ ಮಾತು ಹೇಳಲಿಲ್ಲ ನಾನು" ಎಂದ.

ಗದಗಿನಲ್ಲಿ ಬ್ರೇಕಿನ ಪಟ್ಟಿಗಳನ್ನು ಬದಲಾಯಿಸಿದರು. ಹಳೆಯವು ಇದ್ದಿಲಾಗಿದ್ದವು. ಆ ಕೆಲಸ ನಡೆಯುವಾಗ ಉಡಚವ್ವ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಪ್ರತಿಯೊಂದನ್ನೂ ಮೂಸಿ ನೋಡಿದಳು. ಎಲ್ಲ ಮುಗಿದ ಮೇಲೆ ಅಕ್ಬರಸಾಬ ಕೈ ಕಟ್ಟಿ ನಿಂತು, "ಅವ್ವಾರ, ಕೆಲಸದಿಂದ ತಗೀತೀರೇನ್ರಿ?" ಎಂದು ಕೇಳಿದ.

"ತಗದ್ರ ನನಗ ಯಾರು ಕಲಸ್ತಾರ?"

"ಏನ್ ಕಲಸೂದ್ರಿ?"

"ಮೋಟಾರ ಹೊಡ್ಯಾದು. ಮೂಗ ಒಬ್ಬರದು, ಕೈ ಒಬ್ಬರದು, ಹಿಂಗ ಎಷ್ಟು ದಿನಾ? ನಾಳೆ ಮುಂಜಾನಿ ಬಾ."

ಮರುದಿನ ಫ್ಯಾಕ್ಟರಿಯ ಅಂಗಳದಲ್ಲಿ ಉಡಚವ್ವ ಮೋಟಾರು ಹಿಡಿದಳು. ಅಕ್ಬರಸಾಬ ಪಕ್ಕದಲ್ಲಿ ಕೂತು ತನಗೆ ಗೊತ್ತಿದ್ದ ಎಲ್ಲ ದುವಾಗಳನ್ನೂ ಹೇಳಿಕೊಂಡ. ಮೊದಲ ಸುತ್ತಿಗೆ ಕಾವಲುಗಾರ ಗಾಳೆಪ್ಪ ಗೇಟು ಹತ್ತಿದ. ಎರಡನೆಯ ಸುತ್ತಿಗೆ ಗೇಟೇ ಬಿತ್ತು. ಗಾಳೆಪ್ಪ ಹತ್ತಿ ತುಂಬಿದ ಅಂಡಿಗೆ ಚೀಲಗಳ ಮೇಲೆ ಬಿದ್ದದ್ದರಿಂದ ಏನೂ ಆಗಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಆಕೆ ಖಾತುನಬಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಗಂಡಸರಾರೂ ಇಲ್ಲದೆ, ಬಿಂಕದಕಟ್ಟಿಯ ತನಕ ಹೋಗಿ ಬಂದಳು. ದಾರಿಯಲ್ಲಿ ಬಂದ ಎತ್ತಿನ ಗಾಡಿಗಳು ತಾವಾಗಿಯೇ ಹೊಲಕ್ಕಿಳಿದವು.